ಹೊಸಾ ಡಿಸ್ಕ್ ಹಾಕಿದ ಮ್ಯಾಲ ನೆಟ್‌ವರ್ಕ್ ಕಾರ್ಡಿನ ಹೆಸರು ಬದಲಾಗೇತಿ, ಕಾರ್ಡ್ ಮಾತ್ರ ಇದ್ದಲ್ಲೇ ಐತಿ. ಯಾಕ?

ಥಂಡಿ_ಗೋದಾಮು (ಬ್ಯಾಡಗಿ)

ನಮಸ್ಕಾರ್ರಿ ಎಲ್ಲಾರಿಗೂ. ಬ್ಯಾಡಗಿಯೊಳಗ ಮೆಣಸಿನಕಾಯಿ ಇಡೂ ಒಂದು ಕೋಲ್ಡ್ ಸ್ಟೋರೇಜ್‌ನಾಗ ಕಂಪ್ಯೂಟರಿನ ಕೆಲಸ ಪೂರಾ ನಾನು ನೋಡ್ಕೋತೀನಿ. ಆರು ಚೇಂಬರ್ ಅದಾವು. ಒಂದೊಂದ್ರಾಗ ಎಂಟೆಂಟು ಸೆನ್ಸರ್. ಥಂಡಿ ಎಷ್ಟೈತಿ, ಹಸಿ ಎಷ್ಟೈತಿ ಅನ್ನೂದು ಅಲ್ಲಿಂದ ಕೇಬಲ್ ಮ್ಯಾಲ ಆಫೀಸಿನ ಸರ್ವರಿಗೆ ಬರ್ತೈತಿ. ಸರ್ವರ್ ಅಂದ್ರ ನಾನs ಜೋಡಿಸಿದ ಟವರ್ ಡಬ್ಬಿ, ಡೆಬಿಯನ್ 12 (ಲಿನಕ್ಸ್) ಹಾಕೇನಿ.

ಅದಕ್ಕ ಮೂರು ನೆಟ್‌ವರ್ಕ್ ಪೋರ್ಟ್. ಮದರ್‌ಬೋರ್ಡಿನ ಮ್ಯಾಲ ಇರೂದು ಇಎನ್‌ಒ1, ಅದು ಆಫೀಸಿನ ಬಿಲ್ಲಿಂಗ್ ಮಷೀನಿಗೆ. ಇನ್ನೆರಡು ಇಂಟೆಲ್ ಕಂಪನಿಯ ಎರಡು ಪೋರ್ಟಿನ ಕಾರ್ಡಿನಾಗ: ಇಎನ್‌ಪಿ3ಎಸ್0ಎಫ್0 ಸೆನ್ಸರ್ ಮತ್ತು ಕ್ಯಾಮೆರಾಕ್ಕ, ಇಎನ್‌ಪಿ3ಎಸ್0ಎಫ್1 ಇಂಟರ್ನೆಟ್ಟಿಗೆ. ಎರಡು ವರ್ಷ ಇದೇ ಹೆಸರಿನ ಮ್ಯಾಲ ಎಲ್ಲಾ ನಡದಿತ್ತು.

ಹೋದ ಶುಕ್ರವಾರ ಕ್ಯಾಮೆರಾದ ರೆಕಾರ್ಡಿಂಗಿಗೆ ಜಾಗ ಸಾಲಲಾರದ್ದಕ್ಕ ಖಾಲಿ ಇದ್ದ ಸ್ಲಾಟಿನಾಗ ಒಂದು ಎನ್‌ವಿಎಂಇ ಡಿಸ್ಕ್ ಅಡಾಪ್ಟರ್ ಹಾಕಿದೆ. ಮಷೀನ್ ಚಾಲೂ ಆತು, ಡಿಸ್ಕ್ ಕಂಡ್ತು. ರಾತ್ರಿ ಹನ್ನೊಂದಾಗಿತ್ತು, ಮನಿಗೆ ಹೋದೆ. ಮುಂಜಾನೆ ಆರಕ್ಕ ಬಂದು ನೋಡಿದ್ರ ಹನ್ನೊಂದರಿಂದ ಆರರತನಕ ಒಂದು ರೀಡಿಂಗ್ ಸುದ್ದಾ ಇಲ್ಲ. ನನಗ ಮೆಸೇಜ್ ಯಾಕ ಬರಲಿಲ್ಲ ಅಂದ್ರ ಇಂಟರ್ನೆಟ್ ಲೈನೂ ಅದೇ ಕಾರ್ಡಿನ ಮ್ಯಾಲ ಇತ್ತು. ಐಪಿ ಲಿಂಕ್ ಕಮಾಂಡ್ ಹೊಡದು ನೋಡಿದ್ರ ಕಾರ್ಡಿನ ಹೆಸರು ಇಎನ್‌ಪಿ4ಎಸ್0ಎಫ್0, ಇಎನ್‌ಪಿ4ಎಸ್0ಎಫ್1 ಆಗಿ ಕುಂತಾವು. ಮೂರು ಹೋಗಿ ನಾಕು. ಕಾನ್ಫಿಗ್ ಎಲ್ಲಾ ಮೂರು ಹುಡುಕ್ಲಿಕ್ಕೆ ಹತ್ತಿತ್ತು.

ಕಂಪ್ರೆಸರಿಗೆ ತನ್ನದ ಬ್ಯಾರೆ ಕಂಟ್ರೋಲರ್ ಐತಿ, ಅದಕ್ಕ ಥಂಡಿ ಇಳೀಲಿಲ್ಲ. ರಾತ್ರಿ ಕಾವಲಿನ ಕಾಕಾ ಎರಡೆರಡು ತಾಸಿಗೊಮ್ಮೆ ಬಾಗಿಲದ ಮೀಟರ್ ನೋಡಿ ವಹಿಯೊಳಗ ಬರದಿಟ್ಟಿದ್ರು: 5, 5, 6, 5. ಆ ವಹಿ ನೋಡೂತನಕ ನನ್ನ ಜೀವದಾಗ ಜೀವ ಇರಲಿಲ್ಲ. ಆ ಚೀಲದಾಗ ಇರೂದು ರೈತರ ಇಡೀ ವರ್ಷದ ದುಡಿಮಿ. ಮಾಲು ಒಮ್ಮೆಲೇ ಬಂದು ರೇಟ್ ಬಿದ್ದಾಗ ಇಲ್ಲಿ ತಂದಿಟ್ಟು ಕಾಯ್ತಿರ್ತಾರ. ಬ್ಯಾಡಗಿ ಕಾಯಿಗೆ ಬೆಲೆ ಬರೂದs ಬಣ್ಣದಿಂದ. ಕಡ್ಡಿ ತಳಿ ಇರ್ಲಿ ಡಬ್ಬಿ ತಳಿ ಇರ್ಲಿ, ಥಂಡಿ ಹೋದ್ರ ಆ ಕೆಂಪು ತಿರುಗಿ ಬರಂಗಿಲ್ಲ.

ನನ್ನ ಪ್ರಶ್ನೆ ಇಷ್ಟ. ಈ ಹೊಸಾ ಹೆಸರು ಕಾರ್ಡ್ ಇರೂ ಜಾಗಾ ನೋಡಿ ಇಡ್ತಾರ, ಅದಕ್ಕ ಬದಲಾಗಂಗಿಲ್ಲ ಅಂತ ಓದಿದ್ದೆ. ನಾನು ಕಾರ್ಡ್ ಮುಟ್ಟಿಲ್ಲ, ಸ್ಲಾಟ್ ಬದಲು ಮಾಡಿಲ್ಲ. ಜಾಗಾ ಅದs ಇದ್ದಾಗ ಹೆಸರು ಹೆಂಗ ಬದಲಾತು? ಇನ್ನೊಮ್ಮೆ ಆಗದಂಗ ಏನು ಮಾಡ್ಲಿ?

ಗದಗ_ಕೇಬಲ್

ಅಣ್ಣಾರ, ಭಾಳ ತಲಿ ಕೆಡಿಸ್ಕೋಬ್ಯಾಡ್ರಿ. ಗ್ರಬ್ (ಮಷೀನ್ ಚಾಲೂ ಮಾಡೂ ಪ್ರೋಗ್ರಾಂ) ಫೈಲಿನಾಗ ಕರ್ನಲ್ (ಲಿನಕ್ಸಿನ ತಿರುಳು) ಲೈನಿಗೆ ನೆಟ್ ಡಾಟ್ ಐಎಫ್‌ನೇಮ್ಸ್ ಈಕ್ವಲ್ 0 ಅಂತ ಸೇರಿಸಿ ಅಪ್‌ಡೇಟ್ ಮಾಡಿ ರೀಬೂಟ್ ಹೊಡೀರಿ. ಹಳೇ ಈಥ್0, ಈಥ್1, ಈಥ್2 ತಿರುಗಿ ಬರ್ತಾವು. ಬೆಟಗೇರಿಯೊಳಗ ಒಂದು ಸೀರಿ ಅಂಗಡಿಯ ಮೂರು ಮಷೀನಿಗೆ ಹಿಂಗs ಮಾಡೇನಿ, ಎರಡು ವರ್ಷ ಆತು, ಏನೂ ತೊಂದ್ರಿ ಇಲ್ಲ.

ಸಪ್ತಾಪುರ_ಲ್ಯಾಬ್ (ಧಾರವಾಡ)

ಗದಗಿನ ತಮ್ಮಾ, ಆ ಅಂಗಡಿ ಮಷೀನಿಗೆ ಒಂದೊಂದ ಪೋರ್ಟ್ ಇರಬೇಕು. ಒಂದs ಪೋರ್ಟ್ ಇದ್ದಲ್ಲಿ ಅದು ಯಾವಾಗಲೂ ಈಥ್0 ಆಗ್ತದ, ನೀ ಹೇಳಿದ್ದು ಅಲ್ಲಿ ಸರಿ. ಬ್ಯಾಡಗಿಯವರ ಮಷೀನಿನಾಗ ಎರಡು ಬ್ಯಾರೆ ಬ್ಯಾರೆ ಡ್ರೈವರ್ (ಕಾರ್ಡ್ ನಡಸೂ ಸಾಫ್ಟ್‌ವೇರ್) ಅವ. ಅಲ್ಲಿ ಅದನ್ನ ಹಚ್ಚಬ್ಯಾಡ್ರಿ ಅಂತ ನಾ ಕೈ ಮುಗದು ಹೇಳ್ತೀನಿ.

ಧಾರವಾಡದಾಗ ಒಂದು ಕಾಲೇಜಿನ ಲ್ಯಾಬ್ ಇಪ್ಪತ್ತೆರಡು ವರ್ಷ ನೋಡಿದಾಂವ ನಾನು. ಈ ಹೆಸರಿನ ಕಥಿ ಮೊದಲಿಂದ ಕಂಡೀನಿ, ಅದಕ್ಕ ಸ್ವಲ್ಪ ಉದ್ದ ಬರೀತೀನಿ.

ಈಥ್0 ಅಂದ್ರ ಏನು? ನಿಮ್ಮ ಮಾರ್ಕೆಟ್ ಯಾರ್ಡಿನ ಲೆಕ್ಕದಾಗ ಹೇಳ್ತೀನಿ. ಗೇಟಿನಾಗ ಮೊದಲು ಬಂದ ಮಾಲಿಗೆ ಮೊದಲನೇ ನಂಬರ್, ಆಮ್ಯಾಲ ಬಂದದ್ದಕ್ಕ ಎರಡನೇದು. ಮಾಲು ಯಾವ ಊರಿಂದು, ಯಾರದು ಅಂತ ಆ ನಂಬರಿಗೆ ಗೊತ್ತಿಲ್ಲ. ಕರ್ನಲ್ ಮಾಡೂದು ಅಷ್ಟs: ಯಾವ ಕಾರ್ಡಿನ ಡ್ರೈವರ್ ಮೊದಲು ಎದ್ದಿತೋ ಅದು ಈಥ್0. ಇವತ್ತು ಇಂಟೆಲ್ಲಿನ ಐಜಿಬಿ ಮೊದಲು ಎದ್ರ ನಾಳೆ ರಿಯಲ್‌ಟೆಕ್ಕಿನ ಆರ್8169 ಏಳಬಹುದು. ಆ ದಿನ ನಿಮ್ಮ ಇಂಟರ್ನೆಟ್ಟಿನ ಫೈರ್‌ವಾಲ್ ನಿಯಮ ಸೆನ್ಸರ್ ಲೈನಿನ ಮ್ಯಾಲ ಹೋಗಿ ಕೂಡ್ತದ, ಸೆನ್ಸರಿಂದು ಇಂಟರ್ನೆಟ್ ಮ್ಯಾಲ. ನಿಮಗ ಶುಕ್ರವಾರ ಆದದ್ದು ಲೈನ್ ಬಂದ್ ಆದದ್ದು, ಮುಂಜಾನೆ ತಿಳೀತು. ಇದಾದ್ರ ಲೈನ್ ಚಾಲೂ ಇದ್ದು ಬಾಗಿಲಾ ತೆರದಿರ್ತದ, ತಿಳಿಯೂದs ಇಲ್ಲ.

ಇದಕ್ಕ ಹಿಂದ ಒಂದು ಔಷಧ ಇತ್ತು. ಯುಡೆವ್ ಅನ್ನೂ ಪ್ರೋಗ್ರಾಂ ಪ್ರತಿಯೊಂದು ಕಾರ್ಡಿನ ಮ್ಯಾಕ್ ಅಡ್ರೆಸ್ (ಪೋರ್ಟಿಗೆ ಕಾರ್ಖಾನಿಯೊಳಗs ಕೊಟ್ಟ ನಂಬರ್) ಬರದಿಟ್ಟಕೊಂಡು, ಈ ಮ್ಯಾಕ್ ಇದ್ದದ್ದು ಈಥ್0, ಆ ಮ್ಯಾಕ್ ಇದ್ದದ್ದು ಈಥ್1 ಅಂತ 70-ಪರ್ಸಿಸ್ಟೆಂಟ್-ನೆಟ್ ಫೈಲಿನಾಗ ತಾನs ಕೂಡಿಸ್ಕೋತಾ ಹೋಗ್ತಿತ್ತು. 2009ರ ಮಳಿಗಾಲದಾಗ ಲ್ಯಾಬಿಗೆ ಸಿಡಿಲು ಬಡದು ಸರ್ವರಿನ ಬೋರ್ಡ್ ಹೋತು. ಅದೇ ಮಾದರಿಯ ಹೊಸಾ ಬೋರ್ಡ್ ತಂದು, ಹಳೇ ಡಿಸ್ಕ್ ಹಚ್ಚಿ ಚಾಲೂ ಮಾಡಿದ್ರ ನೆಟ್‌ವರ್ಕs ಇಲ್ಲ. ಸತ್ತ ಬೋರ್ಡಿನ ಮ್ಯಾಕಿಗೆ ಈಥ್0, ಈಥ್1 ಕಾದಿಟ್ಟು ಹೊಸಾದಕ್ಕ ಈಥ್2, ಈಥ್3 ಕೊಟ್ಟಿತ್ತು. ಮರುದಿನ ಹುಡುಗೂರ ಪ್ರಾಕ್ಟಿಕಲ್ ಪರೀಕ್ಷಾ. ರಾತ್ರಿ ಒಂದೂವರೆಗೆ ಆ ಫೈಲ್ ಸಿಕ್ತು, ಎರಡು ಸಾಲು ಅಳಿಸಿದೆ, ಎದ್ದಿತು. ಆ ರಾತ್ರಿ ಇಂದಿಗೂ ನೆನಪದ.

ಡೆಲ್ ಕಂಪನಿಯವರು ಬಯಾಸ್‌ಡೆವ್‌ನೇಮ್ ಅಂತ ಮಾಡಿದ್ರು. ಬೋರ್ಡಿನ ಮ್ಯಾಲಿನ ಪೋರ್ಟ್ ಇಎಂ1, ಒಂದನೇ ಸ್ಲಾಟಿನ ಮೊದಲ ಪೋರ್ಟ್ ಪಿ1ಪಿ1. ಅದು 2011ರ ಫೆಡೋರಾ 15ರಾಗ ಬಂತು. ಆಮ್ಯಾಲ 2013ರ ಜನವರಿಯೊಳಗ ಸಿಸ್ಟಮ್‌ಡಿ (ಲಿನಕ್ಸಿನಾಗ ಎಲ್ಲಾ ಸೇವಾ ಚಾಲೂ ಮಾಡೂ ಪ್ರೋಗ್ರಾಂ) 197ರ ಜೋಡಿ ಈಗಿನ ಪದ್ಧತಿ ಬಂತು. ರೆಡ್‌ಹ್ಯಾಟ್ 7 ಅದನ್ನ 2014ರಾಗ ತಗೊಂಡ್ತು, ಡೆಬಿಯನ್ 2017ರ 9ನೇ ಆವೃತ್ತಿಯೊಳಗ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಸಿಸ್ಟಮ್‌ಡಿ ಒಂದs ಹೆಸರು ಹಿಡಕೊಂಡು ಕೂಡೂದಿಲ್ಲ, ಒಂದರ ಹಿಂದೊಂದು ಕೇಳ್ತಾ ಹೋಗ್ತದ. ಮೊದಲು ಫರ್ಮ್‌ವೇರ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಕಡೆ ಕೇಳ್ತದ: ಇದು ಬೋರ್ಡಿನ ಮ್ಯಾಲಿನ ಎಷ್ಟನೇ ಪೋರ್ಟ್? ಉತ್ತರ ಸಿಕ್ರ ಇಎನ್‌ಒ1. ಇಲ್ಲಂದ್ರ: ಎಷ್ಟನೇ ನಂಬರಿನ ಸ್ಲಾಟಿನಾಗ ಅದ? ಸಿಕ್ರ ಇಎನ್‌ಎಸ್1. ಅದೂ ಸಿಗಲಿಲ್ಲಂದ್ರ ಪಿಸಿಐ ವಿಳಾಸದ ಮ್ಯಾಲ ಹೆಸರು: ಪಿ ಅಂದ್ರ ಬಸ್ (ಕಾರ್ಡ್ ಕೂಡೂ ದಾರಿ) ನಂಬರ್, ಎಸ್ ಅಂದ್ರ ಆ ಬಸ್ಸಿನಾಗ ಎಷ್ಟನೇ ಡಿವೈಸು, ಎಫ್ ಅಂದ್ರ ಒಂದs ಕಾರ್ಡಿನಾಗಿನ ಎಷ್ಟನೇ ಫಂಕ್ಷನ್. ದೊಡ್ಡ ಕಂಪನಿ ಸರ್ವರಿನ ಬೋರ್ಡ್ ಸ್ಲಾಟ್ ನಂಬರ್ ಹೇಳ್ತಾವ. ನಾವು ಕೂಡಿಸಿದ ಡಬ್ಬಿಯೊಳಗ ಹೆಚ್ಚಾಗಿ ಹೇಳೂದಿಲ್ಲ. ನಿಮಗ ಇಎನ್‌ಪಿ3ಎಸ್0ಎಫ್0 ಬಂದದ್ದು ಅದಕ್ಕs.

ಈ ಮೂರು ಅನ್ನೂದು ಬೋರ್ಡಿನ ಮ್ಯಾಲ ಅಚ್ಚು ಹಾಕಿದ ನಂಬರ್ ಅಲ್ಲ. ಪ್ರತಿ ಸಲ ಚಾಲೂ ಆದಾಗ ಎಣಿಸಿದ್ದು. ಸಾಲಾಗಿ ಅಂಗಡಿ ಅವ ಅಂತ ತಿಳೀರಿ, ತೆರದ ಬಾಗಿಲಾ ಅಷ್ಟs ಎಣಿಸಿ ಮೂರನೇದು ಅಂತೀವಿ. ಖಾಲಿ ಸ್ಲಾಟಿನ ಬಾಗಿಲಾ ಎಷ್ಟೋ ಬೋರ್ಡಿನ ಫರ್ಮ್‌ವೇರ್ ಮುಚ್ಚಿಟ್ಟಿರ್ತದ. ನೀವು ಡಿಸ್ಕ್ ಹಾಕಿದ್ರಿ, ನಡುವಿನ ಬಾಗಿಲಾ ತೆರೀತು, ಅದು ಮೂರನೇದಾತು, ನಿಮ್ಮ ಕಾರ್ಡ್ ನಾಕನೇದು. ಕಾರ್ಡ್ ಅಲ್ಲೇ ಅದ, ಎಣಿಕಿ ಸರೀತು. ಇಎನ್‌ಒ1 ಯಾಕ ಕದಲಲಿಲ್ಲ ಅಂದ್ರ ಅದು ಎಣಿಕಿ ಅಲ್ಲ, ಬೋರ್ಡ್ ಮಾಡಿದವರು ಬರದಿಟ್ಟದ್ದು. ನೀವು ಬರದದ್ದರಾಗs ಈ ಪುರಾವೆ ಇತ್ತು.

ಬದಲಾಗೂದಿಲ್ಲ ಅಂತ ಓದಿದ್ರಿ ಅಂದ್ರಲ್ಲಾ, ಆ ಮಾತು ಪೂರಾ ಸುಳ್ಳಲ್ಲ. ಒಳಗಿನ ಹಾರ್ಡ್‌ವೇರ್ ಹೆಂಗದನೋ ಹಂಗ ಇರೂತನಕ ಹೆಸರು ಹೆಚ್ಚಾಗಿ ಕದಲೂದಿಲ್ಲ, ಡ್ರೈವರ್ ಹಿಂದ-ಮುಂದ ಎದ್ರೂ ಕದಲೂದಿಲ್ಲ. ಪೆಟ್ಟಿಗಿ ಬಿಚ್ಚಿ ಏನಾದ್ರೂ ಸೇರಿಸಿದ್ರ ಆ ಮಾತು ಅಲ್ಲಿಗೆ ಮುಗೀತು.

ಗೋಕುಲ_ರಸ್ತೆ (ಹುಬ್ಬಳ್ಳಿ)

ಸಪ್ತಾಪುರದ ಸರ್ ಕಾರಣ ಪೂರ್ತಿ ಹೇಳಿದ್ದಾರೆ. ನಾನು ಪರಿಹಾರಕ್ಕೆ ಬರುತ್ತೇನೆ. ಹುಬ್ಬಳ್ಳಿಯಲ್ಲಿ ನಮ್ಮ ತಂಡ ಇಂಥ ಸುಮಾರು ಅರವತ್ತು ಮಷೀನ್ ನೋಡಿಕೊಳ್ಳುತ್ತದೆ, ಎಲ್ಲದರಲ್ಲೂ ಇದೇ ಮಾಡಿದ್ದೇವೆ.

ಹೆಸರನ್ನು ನೀವೇ ಇಡಿ. ಇಟಿಸಿ ಡೈರೆಕ್ಟರಿಯ ಒಳಗೆ ಸಿಸ್ಟಮ್‌ಡಿ, ಅದರೊಳಗೆ ನೆಟ್‌ವರ್ಕ್. ಅಲ್ಲಿ ಪೋರ್ಟಿಗೆ ಒಂದರಂತೆ ಡಾಟ್ ಲಿಂಕ್ ಎಂದು ಕೊನೆಯಾಗುವ ಫೈಲ್ ಬರೆಯಿರಿ. ಫೈಲಿನ ಹೆಸರು 10ರಿಂದ ಶುರುವಾಗಲಿ. ಏಕೆಂದರೆ ಫೈಲುಗಳನ್ನು ಹೆಸರಿನ ಕ್ರಮದಲ್ಲಿ ನೋಡಿ ಮೊದಲು ಹೊಂದಿದ್ದನ್ನು ಮಾತ್ರ ತೆಗೆದುಕೊಳ್ಳುತ್ತದೆ, ಸಿಸ್ಟಮ್‌ಡಿಯ ಮೂಲ ಫೈಲಿನ ಹೆಸರು 99ರಿಂದ ಶುರುವಾಗುತ್ತದೆ. ಒಳಗೆ ಎರಡೇ ಭಾಗ. ಮ್ಯಾಚ್ ಎಂಬಲ್ಲಿ ಗುರುತು, ಲಿಂಕ್ ಎಂಬಲ್ಲಿ ಹೆಸರು. ಗುರುತಿಗೆ ಪರ್ಮನೆಂಟ್‌ಮ್ಯಾಕ್‌ಅಡ್ರೆಸ್ ಬಳಸಿ. ಬರೀ ಮ್ಯಾಕ್‌ಅಡ್ರೆಸ್ ಬಳಸಿದರೆ ಮುಂದೆ ಆ ಪೋರ್ಟಿನ ಮೇಲೆ ವಿಲ್ಯಾನ್ (ಒಂದೇ ತಂತಿಯ ಮೇಲೆ ಬೇರೆ ಮಾಡಿದ ಜಾಲ) ಮಾಡಿದಾಗ ಅದಕ್ಕೂ ಅದೇ ಮ್ಯಾಕ್ ಇರುವುದರಿಂದ ಅದೂ ಹೊಂದಿ, ಒಂದೇ ಹೆಸರಿಗೆ ಎರಡು ಸಾಧನ ಜಗಳಕ್ಕೆ ನಿಲ್ಲುತ್ತವೆ. ನನಗೆ ಇದು ಒಂದು ಇಡೀ ಭಾನುವಾರ ತಿಂದಿದೆ.

ಪಾತ್ ಎಂಬ ಇನ್ನೊಂದು ಗುರುತೂ ಇದೆ, ಜಾಗದ ಮೇಲೆ ಹೊಂದಿಸುತ್ತದೆ. ನಿಮಗೆ ಅದು ಉಪಯೋಗವಿಲ್ಲ. ಅದರಲ್ಲಿರುವುದೂ 0000:03:00.0 ಎಂಬ ಅದೇ ಪಿಸಿಐ ವಿಳಾಸ, ಆ 03 ತಾನೇ ಶುಕ್ರವಾರ 04 ಆದದ್ದು.

ಹೆಸರು ಹದಿನೈದು ಅಕ್ಷರ ಮೀರುವಂತಿಲ್ಲ, ಕರ್ನಲ್ಲಿನ ಮಿತಿ ಅದು. ಈಥ್0 ಎಂದು ಮಾತ್ರ ಇಡಬೇಡಿ. ಕರ್ನಲ್ ತಾನಾಗಿ ಕೊಡುವ ಹೆಸರಿನೊಂದಿಗೆ ಡಿಕ್ಕಿಯಾಗುತ್ತದೆ. ಪೋರ್ಟಿನ ಕೆಲಸ ಹೇಳುವ ಹೆಸರಿಡಿ. ರಾತ್ರಿ ಎರಡಕ್ಕೆ ನಿದ್ದೆಗಣ್ಣಲ್ಲಿ ಲಾಗ್ ನೋಡುವವರಿಗೆ ಎಫ್0 ಯಾವುದು, ಎಫ್1 ಯಾವುದು ಎಂದು ನೆನಪಿರುವುದಿಲ್ಲ.

ಬರೆದ ಮೇಲೆ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಕಮಾಂಡ್ ಮರೆಯಬೇಡಿ. ಡೆಬಿಯನ್ನಿನಲ್ಲಿ ಈ ಲಿಂಕ್ ಫೈಲಿನ ಒಂದು ನಕಲು ಬೂಟಿನ ಶುರುವಿಗೆ ಬಳಸುವ ಇನಿಟ್‌ರಾಮ್‌ಎಫ್‌ಎಸ್ ಒಳಗೂ ಹೋಗುತ್ತದೆ. ಆ ನಕಲು ಹಳೆಯದಿದ್ದರೆ ಬೂಟಿನ ಶುರುವಿನಲ್ಲೇ ಹಳೆಯ ಹೆಸರು ಅಂಟಿಕೊಳ್ಳಬಹುದು. ಆಮೇಲೆ ಹಳೆಯ ಹೆಸರನ್ನು ಇಟಿಸಿ ಪೂರ್ತಿ ಗ್ರೆಪ್ ಹಾಕಿ ಹುಡುಕಿ. ನೀವು ಮರೆತ ಒಂದು ಜಾಗ ಇದ್ದೇ ಇರುತ್ತದೆ.

ಥಂಡಿ_ಗೋದಾಮು (ಬ್ಯಾಡಗಿ)

ಸರ್ರ, ಅಕ್ಕಾರ, ಇಬ್ಬರಿಗೂ ಶರಣ್ರಿ. ತೆರದ ಬಾಗಿಲಾ ಎಣಿಸೂದು ಅಂದದ್ದು ಓದಿದ ಕೂಡಲೇ ನನಗ ಪೂರಾ ತಿಳೀತು.

ಒಂದು ಅನುಮಾನ ಉಳದೈತಿ. ನಮ್ಮ ಕಡೆ ಕರೆಂಟ್ ಏರಿಳಿತ ಭಾಳ, ಹಿಂದೊಮ್ಮೆ ಕಾರ್ಡ್ ಸುಟ್ಟಿತ್ತು. ಮ್ಯಾಕ್ ಮ್ಯಾಲ ಹೆಸರಿಟ್ಟು ಕಾರ್ಡ್ ಹೋದ್ರ ಹೊಸಾ ಕಾರ್ಡಿಗೆ ಬ್ಯಾರೆ ಮ್ಯಾಕ್, ಆವಾಗ ಹೆಸರು ಹತ್ತಂಗಿಲ್ಲ. ನಾನು ಊರಾಗ ಇಲ್ಲದಾಗ ಆದ್ರ? ಕಾವಲಿನ ಕಾಕಾ ಇಲ್ಲಾ ಮುನೀಮರು ಕಾರ್ಡ್ ತಗದು ಹಾಕೂತನಕ ಮಾಡ್ಯಾರು, ಫೈಲ್ ತಿದ್ದೂದು ಅವರಿಂದ ಆಗೂದಲ್ಲ. ಸಪ್ತಾಪುರ ಸರ್ರು ಹೇಳಿದ 2009ರ ಕಥಿನ ತಿರುಗಿ ಆಗ್ತೈತಿ.

ಗೋಕುಲ_ರಸ್ತೆ (ಹುಬ್ಬಳ್ಳಿ)

ಬಹಳ ಸರಿಯಾದ ಪ್ರಶ್ನೆ. ಪರ್ಮನೆಂಟ್‌ಮ್ಯಾಕ್‌ಅಡ್ರೆಸ್ ಸಾಲಿನಲ್ಲಿ ಒಂದಕ್ಕಿಂತ ಹೆಚ್ಚು ಮ್ಯಾಕ್ ಬರೆಯಬಹುದು, ನಡುವೆ ಒಂದು ಜಾಗ ಬಿಟ್ಟರೆ ಸಾಕು. ಅದೇ ಮಾದರಿಯ ಇನ್ನೊಂದು ಕಾರ್ಡ್ ಈಗಲೇ ತಂದು ಕಪಾಟಿನಲ್ಲಿಡಿ. ಅದರ ಮೊದಲ ಪೋರ್ಟಿನ ಮ್ಯಾಕ್ ಮೊದಲ ಫೈಲಿಗೆ, ಎರಡನೆಯದು ಎರಡನೆಯ ಫೈಲಿಗೆ. ಸುಟ್ಟದ್ದು ತೆಗೆದು ಇದನ್ನು ಹಾಕಿದರೆ ಯಾರೂ ಏನೂ ತಿದ್ದಬೇಕಿಲ್ಲ. ಎರಡೂ ಕಾರ್ಡ್ ಒಟ್ಟಿಗೆ ಮಾತ್ರ ಹಾಕಬೇಡಿ. ಒಂದೇ ಹೆಸರು ಇಬ್ಬರಿಗೆ ಸಿಗುವುದಿಲ್ಲ.

ಗದಗ_ಕೇಬಲ್

ಸಪ್ತಾಪುರ ಸರ್ರ, ಅಂಗಡಿ ಮಷೀನಿಗೆ ಒಂದೊಂದs ಪೋರ್ಟ್ ಖರೆ. ಎರಡು ಡ್ರೈವರ್ ಇದ್ದಲ್ಲಿ ಹಿಂಗ ಆಗ್ತೈತಿ ಅಂತ ನನಗ ಗೊತ್ತಿರಲಿಲ್ಲ. ಬ್ಯಾಡಗಿ ಅಣ್ಣಾರ, ನಾ ಹೇಳಿದ್ದು ಬಿಟ್ಟುಬಿಡ್ರಿ.

ಅದರ ಬದಲಿ ಕೆಲಸಕ್ಕ ಬರೂವಂಥ ಎರಡು ಮಾತು. ಈಥ್‌ಟೂಲ್ ಮೈನಸ್ ಸಣ್ಣ ಪಿ ಕಮಾಂಡ್ ಹೊಡದು ಪೋರ್ಟಿನ ಹೆಸರು ಕೊಟ್ರ ಹಿಂದಿನ ಲೈಟ್ ಮಿಣಕ್ತೈತಿ. ಯಾವ ತೂತಿಗೆ ಯಾವ ಹೆಸರು ಅಂತ ಕಣ್ಣಿಲೆ ನೋಡಿ ಚೀಟಿ ಹಚ್ಚಬಹುದು. ದೊಡ್ಡ ಪಿ ಹೊಡದ್ರ ಪರ್ಮನೆಂಟ್ ಮ್ಯಾಕ್ ಹೇಳ್ತೈತಿ. ಇನ್ನೊಂದು, ಎಲ್‌ಎಸ್‌ಪಿಸಿಐ ಕಮಾಂಡ್ ತೋರಿಸೂ ಬಸ್ ನಂಬರ್ ಹದಿನಾರರ ಲೆಕ್ಕ, ಹೆಸರಿನಾಗಿಂದು ಹತ್ತರ ಲೆಕ್ಕ. ಒಂದು ದೊಡ್ಡ ಸರ್ವರಿನಾಗ ಕಾರ್ಡ್ 3ಬಿ ಅಂತ ಕಾಣ್ತಿತ್ತು, ಹೆಸರು ಇಎನ್‌ಪಿ59ಎಸ್0. ಎರಡೂ ಬ್ಯಾರೆ ಕಾರ್ಡ್ ಅಂತ ತಿಳದು ಅರ್ಧಾ ದಿನ ಹುಡುಕೇನಿ. ಮೂರು ಹದಿನಾರ್ಲೆ ನಲವತ್ತೆಂಟು, ಬಿ ಅಂದ್ರ ಹನ್ನೊಂದು, ಕೂಡಿಸಿದ್ರ ಐವತ್ತೊಂಬತ್ತು.

ಥಂಡಿ_ಗೋದಾಮು (ಬ್ಯಾಡಗಿ)

ಆತ್ರಿ. ಭಾನುವಾರ ಮುಂಜಾನೆ ಕುಂತು ಮಾಡಿದೆ.

ಹೆಸರು ಥಂಡಿ0 ಮತ್ತು ಹೊರಗ0. ಸೆನ್ಸರಿಂದು ಥಂಡಿ0, ಇಂಟರ್ನೆಟ್ಟಿಂದು ಹೊರಗ0. ಮುನೀಮರಿಗೆ ತೋರಿಸಿದ್ರ ಅವರೂ ಓದಿ ಹೇಳಿದ್ರು, ಇದು ಒಳಗಿಂದು, ಇದು ಹೊರಗಿಂದು ಅಂತ. ಹಳೇ ಹೆಸರು ಅವರಿಗೆ ಎಂದೂ ಬಾಯಿಗೆ ಬಂದಿರಲಿಲ್ಲ.

ಗ್ರೆಪ್ ಹಾಕಿದಾಗ ಹಳೇ ಹೆಸರು ನಾಕು ಕಡೆ ಸಿಕ್ತು. ಇಂಟರ್‌ಫೇಸಸ್ ಫೈಲು, ಡಿಎಚ್‌ಸಿಪಿ, ಫೈರ್‌ವಾಲ್, ಈ ಮೂರು ನನಗ ಗೊತ್ತಿದ್ದುವು. ನಾಕನೇದು ನಾನs ಎರಡು ವರ್ಷದ ಹಿಂದ ಬರದಿಟ್ಟ ಸಣ್ಣ ಸ್ಕ್ರಿಪ್ಟ್: ಸೆನ್ಸರ್ ಲೈನ್ ಬಂದ್ ಆದ್ರ ಮೆಸೇಜ್ ಕಳಸೂದು. ಅದರೊಳಗ ಹಳೇ ಹೆಸರು ಇತ್ತು, ಹೆಸರು ಸಿಗಲಿಲ್ಲಂದ್ರ ಸುಮ್ಮ ಮುಗೀತಿತ್ತು. ಅಂದ್ರ ಶುಕ್ರವಾರ ರಾತ್ರಿ ಇಂಟರ್ನೆಟ್ ಇದ್ದಿದ್ರೂ ಆ ಮೆಸೇಜ್ ಬರ್ತಿರಲಿಲ್ಲ. ಅದನ್ನ ತಿದ್ದೇನಿ, ಈಗ ಪೋರ್ಟs ಇಲ್ಲಂದ್ರೂ ಮೆಸೇಜ್ ಹೋಗ್ತೈತಿ. ಅದು ಹೋಗೂ ದಾರಿನೂ ಬ್ಯಾರೆ ಮಾಡೇನಿ, ಒಂದು ಸಿಮ್ ಇರೂ ಡಾಂಗಲ್ ಹಚ್ಚೇನಿ.

ಆಮ್ಯಾಲ ಪರೀಕ್ಷಾ. ಡಿಸ್ಕ್ ಅಡಾಪ್ಟರ್ ತಗದು ಚಾಲೂ ಮಾಡಿದೆ: ಥಂಡಿ0, ಹೊರಗ0. ತಿರುಗಿ ಹಾಕಿದೆ: ಅವs. ನೆಟ್‌ವರ್ಕ್ ಕಾರ್ಡನ್ನs ಬ್ಯಾರೆ ಸ್ಲಾಟಿಗೆ ಒಯ್ದೆ: ಅವs. ಕಡೀಕ ಹುಬ್ಬಳ್ಳಿಯಿಂದ ತರಿಸಿದ ಇನ್ನೊಂದು ಕಾರ್ಡ್ ಹಾಕಿದೆ. ಎದಿ ಡವಡವ ಅಂತಿತ್ತು. ಅವs ಎರಡು ಹೆಸರು, ಆರೂ ಚೇಂಬರಿನ ರೀಡಿಂಗ್ ಒಂದು ನಿಮಿಷದಾಗ ಬಂದ್ವು. ಲೈಟ್ ಮಿಣಕಿಸಿ ನೋಡಿ ಹಿಂದ ಚೀಟಿ ಹಚ್ಚೇನಿ, ಗದಗಿನ ಅಣ್ಣಾರಿಗೆ ಧನ್ಯವಾದ.

ಕಾಕಾನ ವಹಿ ಬಂದ್ ಮಾಡಿಲ್ಲ. ಎರಡು ತಾಸಿಗೊಮ್ಮೆ ಬರೀರಿ ಅಂತs ಹೇಳೇನಿ.

ಇನ್ನೊಂದು ಗೋದಾಮು ಮೋಟೆಬೆನ್ನೂರಿನಾಗ ಐತಿ, ಶನಿವಾರ ಅಲ್ಲಿಗೆ ಹೊಂಟೀನಿ. ಅಲ್ಲಿ ಸಣ್ಣ ಮಷೀನಿಗೆ ಯುಎಸ್‌ಬಿ ನೆಟ್‌ವರ್ಕ್ ಅಡಾಪ್ಟರ್ ಹಚ್ಚೇವಿ, ಅದರ ಹೆಸರು ಇಎನ್‌ಎಕ್ಸ್ ಅಂತ ಶುರುವಾಗಿ ಮುಂದ ಉದ್ದಕ ಮ್ಯಾಕ್ ಐತಿ. ಅದು ಮೊದಲs ಮ್ಯಾಕ್ ಮ್ಯಾಲ ಇರೂದರಿಂದ ಹಂಗs ಬಿಡ್ಲ್ಯಾ ಸರ್ರ?

ಸಪ್ತಾಪುರ_ಲ್ಯಾಬ್ (ಧಾರವಾಡ)

ಬಿಡಬ್ಯಾಡ್ರಿ. ಯಾವ ಯುಎಸ್‌ಬಿ ತೂತಿಗೆ ಹಾಕಿದ್ರೂ ಆ ಹೆಸರು ಬರ್ತದ, ಅದು ಛಲೋನ. ಆದ್ರ ಇಎನ್‌ಎಕ್ಸ್ ಮೂರು ಅಕ್ಷರ, ಮ್ಯಾಕ್ ಹನ್ನೆರಡು, ಅಲ್ಲಿಗೆ ಹದಿನೈದು ತುಂಬಿಹೋತು. ನಾಳೆ ಕ್ಯಾಮೆರಾ ಬ್ಯಾರೆ ಮಾಡೂಣು ಅಂತ ಅದರ ಮ್ಯಾಲ ವಿಲ್ಯಾನ್ ಮಾಡಿ ಹಿಂದ ಡಾಟ್ 10 ಹಚ್ಚಾಕ ಹೋದ್ರ ಹೆಸರು ಹಿಡಿಯೂದಿಲ್ಲ. ಅದಕ್ಕೂ ಒಂದು ಲಿಂಕ್ ಫೈಲ್ ಬರದು ಥಂಡಿ0 ಅಂತs ಇಡ್ರಿ, ಎರಡೂ ಗೋದಾಮಿನಾಗ ಒಂದs ಹೆಸರು ಇದ್ದಂಗಾತು, ಸ್ಕ್ರಿಪ್ಟೂ ಒಂದs ಸಾಕು. ಆ ಯುಎಸ್‌ಬಿ ಅಡಾಪ್ಟರ್ ಕಾರ್ಡಿಗಿಂತ ಲಗೂ ಕೆಡ್ತಾವ. ಶನಿವಾರ ಹೋಗೂ ಮುಂದ ಕಿಸೆದಾಗ ಇನ್ನೊಂದು ಇಟಕೊಂಡು ಹೋಗ್ರಿ, ಅದರ ಮ್ಯಾಕೂ ಅಲ್ಲೇ ಬರದು ಬರ್ರಿ.